ಕೆಮ್ಮು ನಿಂತ ಮೇಲೂ ಟಿಬಿ ಮಾತ್ರೆ ಬಿಡದೆ ಮುಗಿಸಿದವರು ಅನುಭವ ಹೇಳಿ

ಆಟೋ ಅಣ್ಣ: ತಮ್ಮನಿಗೆ ಶ್ವಾಸಕೋಶದ ಟಿಬಿ. ಎರಡು ತಿಂಗಳಾಯ್ತು, ಕಫ ನೆಗೆಟಿವ್ ಬಂತು. ಮಾತ್ರೆ ನುಂಗಿ ಆಟೋ ಹತ್ತಿದ್ರೆ ತಲೆ ತಿರುಗುತ್ತೆ, ಇನ್ನೂ ನಾಲ್ಕು ತಿಂಗಳು ಆಗಲ್ಲ ಅಂತಾನೆ. ಅರ್ಧಕ್ಕೆ ಬಿಟ್ರೆ ಮಾತ್ರೆಗೆ ಬಗ್ಗದ ಎಂಡಿಆರ್ ಟಿಬಿ ಆಗುತ್ತೆ ಅಂದ್ರೆ ನಗ್ತಾನೆ. ನೀವೆಲ್ಲ ಹೆಂಗೆ ಮುಗಿಸಿದ್ರಿ?

ತುಮಕೂರು ಸೊಸೆ: ನನ್ನಿಂದಾಗಿ ಒಂದೂವರೆ ವರ್ಷದ ಮಗಳಿಗೂ ಟಿಬಿ ಬರದಂಗೆ ಆರು ತಿಂಗಳು ಐಎನ್‌ಎಚ್ ಮಾತ್ರೆ ಬರೆದ್ರು. ಅದನ್ನ ಅರೆದು ಚಮಚದಲ್ಲಿ ಕುಡಿಸಿದ್ರೆ ಮುಖ ಕಿವುಚಿ, ನನ್ನನ್ನೇ ದುರುಗುಟ್ಟಿ ನೋಡ್ತಾ ನುಂಗೋಳು. ಅವಳೇ ನುಂಗಿದ ಮೇಲೆ ನಾನು ಬಿಡೋದು ಹೆಂಗೆ? ಹತ್ತು ಗಂಟೆವರೆಗೂ ವಾಕರಿಕೆ ಇರೋದು. ಮಾತ್ರೆಯಿಂದ ನನ್ನ ಉಚ್ಚೆ ಕೆಂಪಗಾಗಿದ್ದು ನೋಡಿ ಅತ್ತೆ ರಕ್ತ ಅಂತ ಕೂಗಿ ಬೀದಿಗೆಲ್ಲ ಸಾರಿಬಿಟ್ರು. ಆಮೇಲೆ ಮುಚ್ಚಿಡೋ ತಾಪತ್ರಯವೂ ತಪ್ಪಿತು ಅನ್ನಿ.

ಹುಬ್ಬಳ್ಳಿ ಮಂದಿ: ನಾ ಖಾಸಗಿಯೊಳಗ ತೋರಿಸಿದೆ. ಸಿಟಿ ಸ್ಕ್ಯಾನ್ 4,500. ಕೊಳವಿ ಇಳಿಸಿ ಶ್ವಾಸನಾಳ ನೋಡೂ ಬ್ರಾಂಕೋಸ್ಕೋಪಿ 14,000. ಲಿವರ್ ಟೆಸ್ಟ್ ಪ್ರತಿ ಸಲ 700. ನಡುವ ಕಣ್ಣು ಹಳದಿ ಆಗಿ ಎಲ್ಲಾ ಮಾತ್ರಿ ಬಂದ್ ಮಾಡಿದ್ರು, ಮತ್ತ ಒಂದೊಂದ ಶುರು. ಲಿವರ್ ಟೆಸ್ಟ್ ಮತ್ತ 700, ಮತ್ತ 700. ಇಷ್ಟ ರೊಕ್ಕ ಸುರದ ಮ್ಯಾಲ ಯಾವ ಹುಚ್ಚ ಬಿಡ್ತಾನ? ಪುಕ್ಕಟ ಸಿಕ್ಕಿದ್ದಕ್ಕ ಕಿಮ್ಮತ್ತಿಲ್ಲ ನೋಡ್ರಿ.

ಹಳೇ ಡಾಟ್ಸ್: ಕಿಮ್ಮತ್ತಿಲ್ಲ ಅಂದ್ರೇನ್ರೀ? 2009ರಲ್ಲಿ ಡಾಟ್ಸ್ ಅಂತ ವಾರಕ್ಕೆ ಮೂರು ದಿನ ಅಂಗನವಾಡಿ ಟೀಚರ್ ಎದುರು ನಿಂತು ನುಂಗಿದವನು ನಾನು. ಡಬ್ಬಿ ಮೇಲೆ ನನ್ನ ಹೆಸರೇ ಬರೆದಿಟ್ಟಿದ್ರು. ಹೋಗದಿದ್ರೆ ಸಂಜೆ ಆ ಟೀಚರ್ ಕ್ಷೌರದಂಗಡಿಗೇ ಬಂದು, ಅರ್ಧ ಗಡ್ಡ ಆಗಿರೋನನ್ನ ಎಬ್ಬಿಸೋಳು. ಮಾನ ಉಳಿಸ್ಕೊಳ್ಳೋಕೆ ನುಂಗಿದೆ. ಈಗಿನೋರಿಗೆ ಮಾತ್ರೆ ಕೈಗೇ ಕೊಟ್ಟು, ಪೌಷ್ಟಿಕ ಊಟಕ್ಕೆ ಅಂತ ಸರ್ಕಾರದಿಂದ ತಿಂಗಳಿಗೆ 1,000 ರೂಪಾಯಿ ಬೇರೆ.

ಕೋಲಾರದ ಗಾರೆ: ಯಾರಿಗೆ ಸ್ವಾಮಿ 1,000? 2024ರಲ್ಲಿ ನಮ್ಮ ಭಾವನಿಗೆ ಹಳೇ ಲೆಕ್ಕದ 500, ಅದೂ ಆಧಾರ್ ಜೋಡಣೆ ಆಗಿಲ್ಲ ಅಂತ ಕೋರ್ಸ್ ಮುಗಿದ ಮೇಲೆ ಬಂತು. ದಿನಕ್ಕೆ 700ರ ಕೂಲಿ ಹೋಗಿತ್ತು. ಆ ಬೇಸಿಗೇಲಿ ಮಾತ್ರೆನೇ ಸ್ಟಾಕ್ ಇಲ್ಲ ಅಂತ ವಾಪಸ್ ಕಳಿಸಿದ್ರು. ಅದಕ್ಕೆ ಯಾವ ಟೀಚರ್ ಬಂದು ಎಬ್ಬಿಸಬೇಕಿತ್ತು?

ಹುಬ್ಬಳ್ಳಿ ಮಂದಿ: ಅದಕ್ಕ ಹೇಳಿದ್ನಿ, ಖಾಸಗಿ ಅಂತ. ನಮಗ ಆ 500ನೂ ಇಲ್ಲ.

ತುಮಕೂರು ಸೊಸೆ: ಖಾಸಗಿಯವರಿಗೂ ಇದೆ ಕಣ್ರೀ. ಸರ್ಕಾರದ ಟಿಬಿ ಪೋರ್ಟಲ್ ನಿಕ್ಷಯ್‌ನಲ್ಲಿ ನೋಂದಣಿ ಮಾಡ್ಸಿದ್ರೆ ಬರುತ್ತೆ. ನಿಮ್ಮ ಡಾಕ್ಟ್ರು ನೋಂದಣಿ ಮಾಡ್ಸಿದಾರಾ ಕೇಳಿದ್ರಾ?

ಹುಬ್ಬಳ್ಳಿ ಮಂದಿ: ಡಾಕ್ಟರ್ ಹೆಸರು ತಗೀಬ್ಯಾಡ್ರಿ. ಅವರಿಂದನ ಉಳಕೊಂಡೀನಿ.

ಹಳೇ ಡಾಟ್ಸ್: ಆಟೋ ಅಣ್ಣ, ತಮ್ಮನ ತೂಕ ಎಷ್ಟು?

ಆಟೋ ಅಣ್ಣ: 46 ಇದ್ದ, ಈಗ 53. ದಿನಾ ಮೂರು ಮಾತ್ರೆ.

ಹಳೇ ಡಾಟ್ಸ್: 50 ದಾಟಿದ್ರೆ ನಾಲ್ಕು ಆಗುತ್ತೆ. ಕೇಂದ್ರಕ್ಕೆ ಕರ್ಕೊಂಡು ಹೋಗಿ ತೂಕ ಹಾಕಿಸಿ, ತಲೆ ತಿರುಗೋದೂ ಹೇಳಿ. ದಿನಾ ಎರಡು ಮೊಟ್ಟೆ ಕೊಡಿ.

ಆಟೋ ಅಣ್ಣ: ಮೂರಕ್ಕೇ ಈ ಗಲಾಟೆ, ನಾಲ್ಕು ಅಂದ್ರೆ ಮನೆ ಬಿಟ್ಟು ಹೋಗ್ತಾನೆ.

ಹುಬ್ಬಳ್ಳಿ ಮಂದಿ: ತತ್ತಿ ಯಾಕ್ರಿ? ನಾ ಶೇಂಗಾ, ಹೆಸರುಕಾಳು ತಿಂದ ಒಂಬತ್ತು ಕಿಲೋ ಏರಿಲ್ಲೇನು?

ಕೋಲಾರದ ಗಾರೆ: 14,000ದ ಬ್ರಾಂಕೋಸ್ಕೋಪಿ ಮಾಡಿಸ್ದೋರು ಶೇಂಗಾ ಲೆಕ್ಕ ಹೇಳ್ತಾರೆ ನೋಡಿ.