ಅಮ್ಮನ ನೆತ್ತಿಯ ಮೇಲೆ ಕಂಬ: ಫೋಟೋದ ಹಿನ್ನೆಲೆಯ ಬಗ್ಗೆ ನಿಮ್ಮ ಅನುಭವ ಹೇಳಿ

ಹೊಸ ಕಣ್ಣು (ಪ್ರಶ್ನೆ)

ಎರಡು ವರ್ಷದಿಂದ ಫೋಟೋ ತೆಗೆಯುತ್ತಿದ್ದೇನೆ. ಮುಖಕ್ಕೆ ಫೋಕಸ್ ಸರಿಯಾಗಿಯೇ ಕೂರುತ್ತದೆ, ಬೆಳಕೂ ಪರವಾಗಿಲ್ಲ. ಆದರೆ ದೊಡ್ಡ ಪರದೆಯಲ್ಲಿ ನೋಡಿದಾಗ ಪ್ರತಿ ಚಿತ್ರದಲ್ಲೂ ಹಿಂದೆ ಏನಾದರೊಂದು ಬಂದು ಕುಳಿತಿರುತ್ತದೆ. ಕಳೆದ ವಾರ ಅಮ್ಮ ಗಿಡಗಳಿಗೆ ನೀರು ಹಾಕುವಾಗ ಒಂದು ಚಿತ್ರ ತೆಗೆದೆ. ಅವರ ಮುಖದಲ್ಲಿ ಆ ಕ್ಷಣದ ನೆಮ್ಮದಿ ಚೆನ್ನಾಗಿ ಬಂದಿದೆ. ಆದರೆ ದೀಪದ ಕಂಬವೊಂದು ನೆತ್ತಿಯಿಂದಲೇ ನೆಟ್ಟಗೆ ಎದ್ದಿದೆ, ಪಕ್ಕದಲ್ಲಿ ಕೆಂಪು ಬಕೆಟ್ ಬೇರೆ. ಎಫ್ 1.8ರ 50 ಮಿ.ಮೀ. ಲೆನ್ಸ್ ಕೊಂಡರೆ ಹಿನ್ನೆಲೆಯೆಲ್ಲ ಕರಗಿಹೋಗುತ್ತದೆ ಎಂದರು, ಕೊಂಡೆ. ಕಂಬ ಕರಗಲಿಲ್ಲ, ದಪ್ಪವಾಯಿತು. ಇನ್ನೂ ದೊಡ್ಡ ಅಪರ್ಚರ್ (ಲೆನ್ಸಿನಲ್ಲಿ ಬೆಳಕು ಒಳಬರುವ ಕಿಂಡಿ; ಎಫ್ ಸಂಖ್ಯೆ ಚಿಕ್ಕದಾದಷ್ಟೂ ಅದು ದೊಡ್ಡದು) ಇರುವ ಲೆನ್ಸ್ ಬೇಕೆ, ಅಥವಾ ತಪ್ಪು ನನ್ನಲ್ಲೇ ಇದೆಯೆ? ಹಿನ್ನೆಲೆಯನ್ನು ನೀವು ಹೇಗೆ ನಿಭಾಯಿಸುತ್ತೀರಿ?

ಹಳೆಯ ರೀಲು

ದಯವಿಟ್ಟು ಇನ್ನೊಂದು ಲೆನ್ಸ್ ಕೊಳ್ಳಬೇಡಿ. ನಿಮ್ಮ ಕಂಬಕ್ಕೆ ಬೇಕಾಗಿದ್ದದ್ದು ಒಂದು ಅಡಿ ಜಾಗ, ಅಷ್ಟೆ.

ಲೆಕ್ಕ ಹಾಕಿಯೇ ಹೇಳುತ್ತೇನೆ. ಅಮ್ಮ ನಿಮ್ಮಿಂದ 3 ಮೀಟರ್ ದೂರದಲ್ಲಿದ್ದರು, ಕಂಬ 12 ಮೀಟರ್ ದೂರದಲ್ಲಿತ್ತು ಎಂದುಕೊಳ್ಳಿ. ನೀವು 30 ಸೆಂ.ಮೀ. ಬಲಕ್ಕೆ ಸರಿದರೆ, ಅಮ್ಮ ನಿಂತ ಜಾಗದ ಅಳತೆಯಲ್ಲಿ ಕಂಬವೂ ಸುಮಾರು 22 ಸೆಂ.ಮೀ. ಬಲಕ್ಕೆ ಜರುಗುತ್ತದೆ. ಮನುಷ್ಯನ ಮುಖದ ಅಗಲವೇ ಹದಿನೈದು ಸೆಂ.ಮೀ. ಆಸುಪಾಸು. ಅಂದರೆ ನೆತ್ತಿಯ ನಡುವಿನಲ್ಲಿದ್ದ ಕಂಬ ಕಿವಿಯನ್ನು ದಾಟಿ ಆಚೆಗೆ ಹೋಯಿತು. ಅಮ್ಮನನ್ನು ಕದಲಿಸಬೇಕಾಗಿಲ್ಲ, ‘ಸ್ವಲ್ಪ ಈ ಕಡೆ ಬನ್ನಿ’ ಎಂದು ಕೂಗಿ ಆ ನೆಮ್ಮದಿಯನ್ನು ಕೆಡಿಸಬೇಕಾಗಿಯೂ ಇಲ್ಲ.

ನಾನು ಇದನ್ನು ಕಲಿತದ್ದು ರೀಲಿನ ಕಾಲದಲ್ಲಿ. ಒಂದು ರೀಲಿಗೆ 36 ಚಿತ್ರ, ತೊಳೆದು ಪ್ರಿಂಟ್ ಹಾಕಿದ ಮೇಲೆಯೇ ತಪ್ಪು ಕಾಣುವುದು. ಒಮ್ಮೆ ಬಂಧುಗಳ ಗುಂಪಿನ ಚಿತ್ರ ತೆಗೆದಿದ್ದೆ. ಮಧ್ಯದಲ್ಲಿ ಕುಳಿತ ಹಿರಿಯರ ತಲೆಯ ಎರಡೂ ಕಡೆಗೆ ಹಿಂದಿನ ಮರದ ಒಣಕೊಂಬೆಗಳು ಕವಲೊಡೆದು ಜಿಂಕೆಯ ಕೊಂಬಿನ ಹಾಗೆ ಬಂದಿದ್ದವು. ಅವರು ಅದನ್ನು ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದರು, ಪಾಪ. ಆ ಮನೆಗೆ ಹೋದಾಗಲೆಲ್ಲ ನಾನು ಆ ಗೋಡೆಗೆ ಬೆನ್ನು ಮಾಡಿಯೇ ಕೂರುತ್ತಿದ್ದೆ.

ಎದುರಿಗೆ ನಿಂತಾಗ ಕಣ್ಣು ತನಗೆ ಬೇಕಾದ್ದನ್ನು ಮಾತ್ರ ಆರಿಸಿಕೊಳ್ಳುತ್ತದೆ. ಅಮ್ಮ ಹತ್ತಿರ, ಕಂಬ ದೂರ ಎಂಬುದು ಅದಕ್ಕೆ ಗೊತ್ತು. ಚಿತ್ರದಲ್ಲಿ ಆ ದೂರವೆಲ್ಲ ಅಳಿಸಿಹೋಗಿ ಎರಡೂ ಒಂದೇ ಹಾಳೆಗೆ ಅಂಟಿಕೊಳ್ಳುತ್ತವೆ. ಆದ್ದರಿಂದ ಗುಂಡಿ ಒತ್ತುವ ಮುನ್ನ ಮುಖವನ್ನು ಬಿಟ್ಟು ಒಮ್ಮೆ ನಾಲ್ಕೂ ಅಂಚುಗಳನ್ನು ಸುತ್ತಿ ಬನ್ನಿ. ಆಮೇಲೆ ತಲೆ ಮತ್ತು ಭುಜಗಳ ಗೆರೆಯ ಗುಂಟ ಒಮ್ಮೆ ಕಣ್ಣು ಹಾಯಿಸಿ: ಆ ಗೆರೆಗೆ ಏನಾದರೂ ತಾಗಿದೆಯೆ? ಎರಡು ಕ್ಷಣದ ಕೆಲಸ. ರೂಢಿಯಾಗಲು ನನಗೆ ಒಂದು ವರ್ಷ ಹಿಡಿಯಿತು.

ಅಂಚುಗಳ ಬಗ್ಗೆ ಇನ್ನೊಂದು ಮಾತು. ಕನ್ನಡಿ ಇರುವ ಸಾಮಾನ್ಯ ದರ್ಜೆಯ ಎಸ್‌ಎಲ್‌ಆರ್ ಕ್ಯಾಮೆರಾಗಳ ವ್ಯೂಫೈಂಡರ್ ಪೂರ್ತಿ ಚಿತ್ರವನ್ನು ತೋರಿಸುವುದಿಲ್ಲ, ಶೇಕಡಾ 95ರ ಸುಮಾರಿಗೆ ನಿಲ್ಲುತ್ತದೆ. ‘ನಾನು ನೋಡಿದಾಗ ಇರಲೇ ಇಲ್ಲ’ ಎನ್ನುವ ಕೊಂಬೆ, ಚಪ್ಪಲಿ, ಯಾರದೋ ಮೊಣಕೈ ನುಸುಳುವುದು ಆ ಉಳಿದ ಜಾಗದಿಂದ. ಅದೂ ಅಲ್ಲದೆ ಆ ವ್ಯೂಫೈಂಡರಿನಲ್ಲಿ ನೋಡುವಾಗ ಅಪರ್ಚರ್ ಪೂರ್ತಿ ತೆರೆದಿರುತ್ತದೆ. ನೀವು ಎಫ್ 11 ಇಟ್ಟಿದ್ದರೆ, ನೋಡುವಾಗ ಮಸುಕಾಗಿದ್ದ ಹಿನ್ನೆಲೆ ಚಿತ್ರದಲ್ಲಿ ಹಲ್ಲು ಕಿರಿಯುತ್ತದೆ. ಹಲವು ಕ್ಯಾಮೆರಾಗಳಲ್ಲಿ ಲೆನ್ಸಿನ ಬುಡದ ಹತ್ತಿರ ಅದನ್ನು ಮುಂಚೆಯೇ ನೋಡಿಕೊಳ್ಳಲು ಒಂದು ಗುಂಡಿ ಇರುತ್ತದೆ. ಅದನ್ನು ಒತ್ತುವವರನ್ನು ನಾನು ನೋಡಿದ್ದು ಕಡಿಮೆ.

ರೆಕ್ಕೆಪುಕ್ಕ

ಹಿರಿಯರು ಹೇಳಿದ್ದು ಅಕ್ಕಪಕ್ಕದ ಮಾತು. ನಾನು ಮೇಲೆ-ಕೆಳಗಿನದನ್ನು ಸೇರಿಸುತ್ತೇನೆ, ಏಕೆಂದರೆ ಹಕ್ಕಿಯ ಚಿತ್ರಗಳಲ್ಲಿ ನನಗೆ ಬುದ್ಧಿ ಬಂದದ್ದು ಹೊಟ್ಟೆಯ ಮೇಲೆ ಮಲಗಿದ ಮೇಲೆ.

ನೀರಿನಂಚಿನ ಕೆಸರಿನಲ್ಲಿ ಒಂದು ಪುಟ್ಟ ಹಕ್ಕಿ ಓಡಾಡುತ್ತಿತ್ತು. ನಿಂತೇ ತೆಗೆದ ನೂರಾರು ಚಿತ್ರಗಳಲ್ಲಿ ಅದರ ಹಿಂದೆ ಇದ್ದದ್ದು ಅದೇ ಕೆಸರು, ಒಂದು ಮೀಟರ್ ಆಚೆಯದು. ಪ್ರತಿ ಕಲ್ಲು, ಪ್ರತಿ ಹೆಜ್ಜೆಗುರುತು ಸ್ಪಷ್ಟ. ಬೂದು ಹಕ್ಕಿ ಬೂದು ಕೆಸರಿನಲ್ಲಿ ಹುದುಗಿಹೋಗಿತ್ತು. ಮಲಗಿ ಕ್ಯಾಮೆರಾವನ್ನು ನೆಲದಿಂದ ಒಂದು ಗೇಣು ಎತ್ತರಕ್ಕೆ ಇಳಿಸಿದೆ. ಅದೇ ಲೆನ್ಸ್, ಅದೇ ಅಪರ್ಚರ್. ಈಗ ಹಕ್ಕಿಯ ಹಿಂದೆ ಕಂಡದ್ದು ನೀರಿನ ಆಚೆ ದಡದ ಹಸಿರು, ಮೂವತ್ತು-ನಲವತ್ತು ಮೀಟರ್ ದೂರದ್ದು. ಅದು ಪೂರ್ತಿ ಕರಗಿ ಒಂದೇ ಬಣ್ಣದ ಪರದೆಯಾಯಿತು, ಕಣ್ಣ ಸುತ್ತಲಿನ ಬಿಳಿ ಗೆರೆಯೂ ಎದ್ದು ಕಂಡಿತು. ಅಂಗಿ ಹಾಳಾಯಿತು.

ಲೆನ್ಸಿನ ಪ್ರಶ್ನೆಗೂ ಉತ್ತರಿಸುತ್ತೇನೆ. ದೂರದ ಹಿನ್ನೆಲೆ ಎಷ್ಟು ಮಸುಕಾಗುತ್ತದೆ ಎಂಬುದನ್ನು ಎಫ್ ಸಂಖ್ಯೆಯೊಂದೇ ತೀರ್ಮಾನಿಸುವುದಿಲ್ಲ. ಲೆನ್ಸಿನ ಮಿ.ಮೀ. ಅನ್ನು ಎಫ್ ಸಂಖ್ಯೆಯಿಂದ ಭಾಗಿಸಿ ನೋಡಿ. 50 ಭಾಗ 1.8 ಅಂದರೆ ಸುಮಾರು 28. 200 ಭಾಗ 5.6 ಅಂದರೆ ಸುಮಾರು 36. ವ್ಯಕ್ತಿ ಎರಡೂ ಚಿತ್ರಗಳಲ್ಲಿ ಅಷ್ಟೇ ದೊಡ್ಡದಾಗಿ ಕಾಣುವಂತೆ ನಿಂತು ತೆಗೆದರೆ, ಬಹುದೂರದ ಹಿನ್ನೆಲೆಯನ್ನು ಹೆಚ್ಚು ಕರಗಿಸುವುದು ಆ ಸಾಧಾರಣ 200 ಮಿ.ಮೀ. ಜೂಮ್. ಆದರೆ ಗೋಡೆ ಬೆನ್ನಿಗೇ ಅಂಟಿಕೊಂಡಿದ್ದರೆ ಲೆಕ್ಕ ತಿರುಗುತ್ತದೆ, ಅಲ್ಲಿ ನಿಮ್ಮ 1.8 ಗೆಲ್ಲುತ್ತದೆ.

ಮಸುಕಿಗಿಂತಲೂ ನನಗೆ ಮುಖ್ಯವೆನಿಸುವುದು ಉದ್ದ ಲೆನ್ಸ್ ಹಿನ್ನೆಲೆಯನ್ನು ಕಿರಿದು ಮಾಡುತ್ತದೆ ಎಂಬುದು. ಫುಲ್‌ಫ್ರೇಮ್ ಕ್ಯಾಮೆರಾದಲ್ಲಿ (ಬೆಳಕು ಹಿಡಿಯುವ ಸೆನ್ಸರ್ 36 ಮಿ.ಮೀ. ಅಗಲ ಇರುವಂಥದ್ದು) 50 ಮಿ.ಮೀ. ಹಾಕಿ 2 ಮೀಟರ್ ದೂರದ ವ್ಯಕ್ತಿಯನ್ನು ತೆಗೆದರೆ, ಅವರ ಹಿಂದೆ 10 ಮೀಟರ್ ಆಚೆ ಸುಮಾರು 8.6 ಮೀಟರ್ ಅಗಲದ ಜಾಗ ಚಿತ್ರದೊಳಗೆ ಬರುತ್ತದೆ. 200 ಮಿ.ಮೀ. ಹಾಕಿ ಅವರಿಂದ 8 ಮೀಟರ್ ದೂರಕ್ಕೆ ಸರಿಯಿರಿ: ವ್ಯಕ್ತಿ ಅಷ್ಟೇ ದೊಡ್ಡದು, ಹಿಂದೆ ಬರುವುದು 3.2 ಮೀಟರ್ ಮಾತ್ರ. ಎಂಟೂವರೆ ಮೀಟರ್ ಚೆಂದದ ಜಾಗ ಹುಡುಕುವುದು ಕಷ್ಟ. ಮೂರು ಮೀಟರ್ ಎಲ್ಲಿಯಾದರೂ ಸಿಗುತ್ತದೆ, ಒಂದು ಪೊದೆ ಸಾಕು.

ಎಲ್ಲವೂ ಸ್ಪಷ್ಟ

ನನ್ನದು ಭಿನ್ನಮತ. ಎಲ್ಲರೂ ಹಿನ್ನೆಲೆಯನ್ನು ಹೇಗೆ ಒರೆಸಿಹಾಕುವುದು ಎಂದೇ ಮಾತಾಡುತ್ತಿದ್ದೀರಿ.

ಒಬ್ಬ ಬಡಗಿಯ ಚಿತ್ರವನ್ನು ಎಫ್ 1.8ರಲ್ಲಿ ತೆಗೆದೆ. ಮುಖ ಹರಳಿನಂತೆ ಸ್ಪಷ್ಟ, ಹಿಂದೆಲ್ಲ ಬೆಣ್ಣೆ. ಹೆಮ್ಮೆಯಿಂದ ತೋರಿಸಿದೆ. ಅವರು ಸ್ವಲ್ಪ ಹೊತ್ತು ನೋಡಿ, “ಇದು ಯಾರ ಅಂಗಡಿ?” ಎಂದು ಕೇಳಿದರು. ಮೂವತ್ತು ವರ್ಷಗಳಿಂದ ಗೋಡೆಯಲ್ಲಿ ಸಾಲಾಗಿ ತೂಗುಹಾಕಿಕೊಂಡಿದ್ದ ಉಳಿ, ಗರಗಸಗಳೆಲ್ಲ ನನ್ನ ಚಿತ್ರದಲ್ಲಿ ಬೂದು ಕಲೆಗಳಾಗಿದ್ದವು. ಮರುದಿನ ಎಫ್ 8 ಇಟ್ಟು, ಒಂದೆರಡು ಹೆಜ್ಜೆ ಹಿಂದೆ ಸರಿದು ತೆಗೆದೆ. ಉಳಿಗಳ ಸಾಲು ಓರೆಯಾಗಿ ಅವರ ಕೈಯ ಕಡೆಗೆ ಇಳಿದು ಬಂತು. ಆ ಪ್ರಿಂಟ್ ಈಗ ಅಂಗಡಿಯಲ್ಲೇ ಇದೆ.

1946ರಲ್ಲಿ ಆರ್ನಾಲ್ಡ್ ನ್ಯೂಮನ್ ತೆಗೆದ ಸಂಗೀತಗಾರ ಸ್ಟ್ರಾವಿನ್‌ಸ್ಕಿಯ ಚಿತ್ರ ನೋಡಿ. ಚಿತ್ರದ ಬಹುಪಾಲನ್ನು ತೆರೆದ ಪಿಯಾನೋದ ಕಪ್ಪು ಮುಚ್ಚಳವೇ ಆವರಿಸಿದೆ, ಮನುಷ್ಯ ಕೆಳಗಿನ ಎಡ ಮೂಲೆಯಲ್ಲಿ ಪುಟ್ಟದಾಗಿ ಕುಳಿತಿದ್ದಾನೆ. ಅಲ್ಲಿ ಯಾವುದು ಹಿನ್ನೆಲೆ, ಯಾವುದು ವಿಷಯ? 1932ರಲ್ಲಿ ಆನ್ಸೆಲ್ ಆಡಮ್ಸ್, ಎಡ್ವರ್ಡ್ ವೆಸ್ಟನ್ ಮೊದಲಾದವರು ಕಟ್ಟಿಕೊಂಡ ಗುಂಪಿನ ಹೆಸರೇ ‘ಎಫ್ 64’. ಅಪರ್ಚರನ್ನು ಸೂಜಿಯ ಕಣ್ಣಿನಷ್ಟು ಕಿರಿದಾಗಿಸಿ, ಹತ್ತಿರದ್ದು ದೂರದ್ದು ಎಲ್ಲವೂ ಸ್ಪಷ್ಟವಾಗಿರಲಿ ಎಂದವರು ಅವರು. ನಾವು ಈಗ ಲೆನ್ಸ್ ಕೊಳ್ಳುವುದೇ ಅದಕ್ಕೆ ವಿರುದ್ಧವಾದ ಕೆಲಸಕ್ಕೆ.

ಕಂಬವನ್ನು ತೆಗೆಯಿರಿ, ಒಪ್ಪುತ್ತೇನೆ. ಆ ಬಕೆಟನ್ನು ತೆಗೆಯುವ ಮುನ್ನ ಇನ್ನೊಮ್ಮೆ ಯೋಚಿಸಿ.

ಹಳೆಯ ರೀಲು

ಬಡಗಿಯ ಮಾತಿಗೆ ನನ್ನ ಬಳಿ ಉತ್ತರವಿಲ್ಲ. ಆದರೂ ಕೆಂಪು ಬಣ್ಣದ ಬಗ್ಗೆ ಎಚ್ಚರವಿರಲಿ. ಮಸುಕಾದರೂ ಅದು ಕಣ್ಣನ್ನು ಎಳೆಯುತ್ತದೆ. ಮೂಲೆಯ ಬಿಳಿ ಚುಕ್ಕೆಯೂ ಹಾಗೆಯೇ. ಓದಲು ಬರುವ ಅಕ್ಷರವಂತೂ ಇನ್ನೂ ಕೆಟ್ಟದ್ದು, ನೋಡುವವರು ಮುಖ ಬಿಟ್ಟು ಫಲಕ ಓದುತ್ತಾರೆ. ಚಿತ್ರವನ್ನು ಪರದೆಯ ಮೇಲೆ ಹೆಬ್ಬೆರಳಿನ ಉಗುರಿನಷ್ಟು ಚಿಕ್ಕದು ಮಾಡಿ, ಇಲ್ಲವೇ ತಲೆಕೆಳಗು ಮಾಡಿ ನೋಡಿ. ಕಣ್ಣು ಮೊದಲು ಎಲ್ಲಿಗೆ ಓಡುತ್ತದೆ ಎಂದು ಆಗ ಗೊತ್ತಾಗುತ್ತದೆ. ಹಳೆಯ ದೊಡ್ಡ ಕ್ಯಾಮೆರಾಗಳ ಗಾಜಿನ ಮೇಲೆ ಬಿಂಬ ಮೂಡುತ್ತಿದ್ದದ್ದೇ ತಲೆಕೆಳಗಾಗಿ. ಆಗ ಅಮ್ಮ, ಕಂಬ ಎಂಬ ಹೆಸರುಗಳು ಕಳಚಿಹೋಗಿ ಬರೀ ಆಕಾರಗಳು ಉಳಿಯುತ್ತವೆ.

ಕಿಟಕಿ ಬೆಳಕು

ಒಳಾಂಗಣದಲ್ಲಿ ತೆಗೆಯುವವರಿಗೆ. ಬೆಳಕಿನಿಂದಲೇ ಹಿನ್ನೆಲೆಯನ್ನು ಅಳಿಸಬಹುದು.

ದೀಪದಿಂದ ದೂರ ಇಮ್ಮಡಿಯಾದರೆ ಬೆಳಕು ಕಾಲುಭಾಗಕ್ಕೆ ಇಳಿಯುತ್ತದೆ. ದೀಪ ಮುಖದಿಂದ 1 ಮೀಟರ್, ಗೋಡೆ ದೀಪದಿಂದ 4 ಮೀಟರ್ ಇದ್ದರೆ ಗೋಡೆಗೆ ಬೀಳುವುದು ಮುಖದ ಮೇಲಿನ ಬೆಳಕಿನ ಹದಿನಾರನೇ ಒಂದು ಪಾಲು, ಅಂದರೆ 4 ಸ್ಟಾಪ್ ಕಡಿಮೆ (ಒಂದು ಸ್ಟಾಪ್ ಇಳಿದರೆ ಬೆಳಕು ಅರ್ಧವಾಗುತ್ತದೆ). ಬಿಳಿ ಗೋಡೆಯೂ ಕಡು ಬೂದಾಗುತ್ತದೆ. ಮುಖವನ್ನೂ ಗೋಡೆಯನ್ನೂ ಅಲ್ಲೇ ಬಿಟ್ಟು ದೀಪವನ್ನು ಮಾತ್ರ 3 ಮೀಟರ್ ದೂರಕ್ಕೆ ಒಯ್ಯಿರಿ. ಗೋಡೆ ಈಗ ದೀಪದಿಂದ 6 ಮೀಟರ್, ವ್ಯತ್ಯಾಸ 2 ಸ್ಟಾಪ್ ಮಾತ್ರ. ಗೋಡೆ ಮತ್ತೆ ಬೆಳಗಾಯಿತು. ಒಂದೇ ಕೋಣೆ, ಒಂದೇ ದೀಪ, ಎರಡು ಹಿನ್ನೆಲೆ. ಇದನ್ನು ಮೊದಲ ಸಲ ಮಾಡಿ ನೋಡಿದ ರಾತ್ರಿ ಮನೆಯವರನ್ನೆಲ್ಲ ಒಬ್ಬೊಬ್ಬರಾಗಿ ಎಬ್ಬಿಸಿ ಕೂರಿಸಿದ್ದೆ. ಅವರಿಗೆ ಅಷ್ಟೇನೂ ಸಂತೋಷವಾಗಲಿಲ್ಲ.

ದೀಪವಿಲ್ಲದಿದ್ದರೆ ಕಿಟಕಿ. ವ್ಯಕ್ತಿಯನ್ನು ಕಿಟಕಿಯ ಹತ್ತಿರ ಕೂರಿಸಿ, ಕೋಣೆಯ ಒಳಗಿನ ಕತ್ತಲು ಹಿಂದೆ ಬರುವಂತೆ ನಿಲ್ಲಿ. ಕೂದಲು ಕಪ್ಪಾಗಿದ್ದರೆ ಅದೂ ಕತ್ತಲಿನಲ್ಲಿ ಕಳೆದುಹೋಗುತ್ತದೆ, ಆ ಕಡೆಯಿಂದ ಸ್ವಲ್ಪ ಬೆಳಕು ತಾಗಬೇಕು. ಬಾಗಿಲನ್ನು ಅರ್ಧ ತೆರೆದಿಟ್ಟರೂ ನಡೆಯುತ್ತದೆ. ಕಪ್ಪು ಹಿನ್ನೆಲೆ ಚೌಕಟ್ಟನ್ನು ತುಂಬಿದರೆ ಕ್ಯಾಮೆರಾ ಮೋಸಹೋಗಿ ಮುಖವನ್ನು ಸುಣ್ಣ ಬಳಿದಂತೆ ಮಾಡುತ್ತದೆ. ಬಿಳಿ ಹಿನ್ನೆಲೆ ತುಂಬಿದರೆ ಮುಖ ಮಂಕಾಗುತ್ತದೆ. ಅದು ಎಲ್ಲವನ್ನೂ ನಡುಬೂದು ಎಂದೇ ಎಣಿಸುವುದರಿಂದ ಎಕ್ಸ್‌ಪೋಷರನ್ನು, ಅಂದರೆ ಚಿತ್ರಕ್ಕೆ ಬೀಳುವ ಬೆಳಕಿನ ಪ್ರಮಾಣವನ್ನು, ನೀವೇ ತಿದ್ದಿಕೊಳ್ಳಬೇಕು: ಕಪ್ಪಿಗೆ ಕಡಿಮೆ, ಬಿಳಿಗೆ ಹೆಚ್ಚು.

ಜೇಬಿನ ಕ್ಯಾಮೆರಾ

ನನ್ನ ಬಳಿ ಇರುವುದು ಮೊಬೈಲ್ ಮಾತ್ರ. ಹಿನ್ನೆಲೆಯನ್ನು ತಂತ್ರಾಂಶದಿಂದ ಮಸುಕು ಮಾಡುವ ಅದರ ಪೋರ್ಟ್ರೇಟ್ ಮೋಡ್ ತಂದೆಯವರ ಕನ್ನಡಕದ ಒಂದು ಕಡ್ಡಿಯನ್ನು ನುಂಗಿಹಾಕಿತು. ಅಂದಿನಿಂದ ಅದನ್ನು ಬಿಟ್ಟಿದ್ದೇನೆ. ಸೆನ್ಸರ್ ಪುಟ್ಟದಾದ್ದರಿಂದ ತಾನಾಗಿ ಮಸುಕು ಬರುವುದು ಕಷ್ಟ, ಹಾಗಾಗಿ ಸರಳ ಹಿನ್ನೆಲೆಯನ್ನು ಹುಡುಕಲೇಬೇಕು. ಕೆಳಗಿನಿಂದ ತೆಗೆದು ಆಕಾಶವನ್ನು ಹಿಂದೆ ತರುತ್ತೇನೆ, ಸ್ಟೂಲ್ ಹತ್ತಿ ನೆಲವನ್ನು ತರುತ್ತೇನೆ. ಹುಲ್ಲುನೆಲ ಒಳ್ಳೆಯದು. ಮೋಡ ಕವಿದ ಬಿಳಿ ಆಕಾಶ ಯಾರಿಗೂ ಬೇಡ.

ಗೋಡೆ ಕಾಯುವವ

ನಾನು ಉಲ್ಟಾ ಕೆಲಸ ಮಾಡುತ್ತೇನೆ. ಮೊದಲು ಹಿನ್ನೆಲೆ, ಆಮೇಲೆ ಮನುಷ್ಯ.

ಫ್ರೆಂಚ್ ಛಾಯಾಗ್ರಾಹಕ ಕಾರ್ಟಿಯೆ-ಬ್ರೆಸೋನ್ 1932ರಲ್ಲಿ ಫ್ರಾನ್ಸಿನ ಇಯೇರ್‌ನಲ್ಲಿ ತೆಗೆದ ಸೈಕಲ್ ಸವಾರನ ಚಿತ್ರವನ್ನು ನೀವು ನೋಡಿರಬಹುದು. ಸುತ್ತಿ ಇಳಿಯುವ ಮೆಟ್ಟಿಲು, ಅದರ ಕಂಬಿ, ಕೆಳಗೆ ಬೀದಿಯ ತಿರುವು. ಇಷ್ಟು ಆಗಲೇ ಸಿದ್ಧವಾಗಿತ್ತು. ಬೇಕಾಗಿದ್ದದ್ದು ಆ ಖಾಲಿ ಜಾಗದಲ್ಲಿ ಹಾದುಹೋಗುವ ಒಬ್ಬ.

ನನಗೆ ಒಂದು ನೀಲಿ ಗೋಡೆ ಸಿಕ್ಕಿತು, ಸಂಜೆ ಅದರ ಮೇಲೆ ಮರದ ನೆರಳು ಬೀಳುತ್ತದೆ. ನಲವತ್ತು ನಿಮಿಷ ನಿಂತೆ. ಬಂದವರೆಲ್ಲ ನೆರಳಿನೊಳಗೇ ನಡೆದರು. ಕಡೆಗೆ ಒಬ್ಬರು ಬೆಳಕಿನ ತುಂಡಿಗೆ ಸರಿಯಾಗಿ ಬಂದು ನಿಂತು, ನನ್ನನ್ನು ನೋಡಿ, ‘ಫೋಟೋ ತೆಗೆಯುತ್ತಿದ್ದೀರಾ, ತೆಗೆಯಿರಿ’ ಎಂದು ವಿನಯದಿಂದ ಪಕ್ಕಕ್ಕೆ ಸರಿದರು. ಐದನೆಯ ದಿನ ಚಿತ್ರ ಸಿಕ್ಕಿತು.

ಬೇಡವಾದದ್ದನ್ನು ಆಮೇಲೆ ತಂತ್ರಾಂಶದಲ್ಲಿ ಅಳಿಸಿದರಾಯಿತು ಎನ್ನುವವರು ಬರುವ ಮುಂಚೆ ಹೇಳಿಬಿಡುತ್ತೇನೆ: ಬರೀ ಆಕಾಶದೆದುರು ಇರುವ ತಂತಿಯನ್ನು ಚೆನ್ನಾಗಿ ಅಳಿಸಬಹುದು. ಕೂದಲಿಗೆ ತಾಗಿದ ಕಂಬವನ್ನು ಅಳಿಸಹೋದರೆ ಕೂದಲನ್ನೂ ಹೊಸದಾಗಿ ಬರೆಯಬೇಕಾಗುತ್ತದೆ.

ಹೊಸ ಕಣ್ಣು

ಎಲ್ಲರಿಗೂ ಧನ್ಯವಾದ. ನಿನ್ನೆ ಬೆಳಿಗ್ಗೆ ಮತ್ತೆ ಪ್ರಯತ್ನಿಸಿದೆ. ಹೆಜ್ಜೆ ಬಲಕ್ಕೆ ಇಟ್ಟೆ, ಕಂಬ ನಿಜವಾಗಿಯೂ ಸರಿದು ಚೌಕಟ್ಟಿನ ಅಂಚಿನ ಹತ್ತಿರ ಹೋಯಿತು. ಇನ್ನೊಂದು ಹೆಜ್ಜೆಗೆ ಅಲ್ಲಿದ್ದ ಗಿಡದ ಹಿಂದೆ ಅಡಗಿತು. ಎಫ್ 1.8ರಿಂದ ಎಫ್ 4ಕ್ಕೆ ಬಂದೆ. ಎಲೆಗಳು ಎಲೆಗಳಂತೆಯೇ ಉಳಿದವು.

ಬಕೆಟನ್ನು ಮೊದಲು ತೆಗೆದಿಟ್ಟಿದ್ದೆ. ಚಿತ್ರ ತೋರಿಸಿದರೆ ಅಮ್ಮ, “ಬಕೆಟ್ ಎಲ್ಲಿ ಹೋಯಿತು? ನೀರನ್ನು ಎಲ್ಲಿಂದ ತರುತ್ತೇನೆ ಅಂತ ನೋಡಿದವರಿಗೆ ಗೊತ್ತಾಗುವುದು ಬೇಡವೆ?” ಎಂದರು. ಈಗ ಅದನ್ನು ಅವರ ಹಿಂದಿನಿಂದ ಮುಂದಕ್ಕೆ, ಕಾಲ ಬಳಿಗೆ ತಂದಿಟ್ಟಿದ್ದೇನೆ. ಕಣ್ಣು ಅಲ್ಲಿಗೆ ಹೋಗುತ್ತದೆ, ಅಲ್ಲಿಂದ ಕೈಗೆ, ಆಮೇಲೆ ಮುಖಕ್ಕೆ.

ಹೊಸ ತೊಂದರೆ ಏನೆಂದರೆ, ಈ ಜಾಗದಿಂದ ನೋಡಿದರೆ ಬಟ್ಟೆ ಒಣಹಾಕುವ ತಂತಿ ಸರಿಯಾಗಿ ಅವರ ಕತ್ತಿನ ಮಟ್ಟದಲ್ಲಿ ಅಡ್ಡ ಹಾದಿದೆ.

ರೆಕ್ಕೆಪುಕ್ಕ

ಮೊಣಕಾಲೂರಿ. ತಂತಿ ಎದೆಯ ಮಟ್ಟಕ್ಕೆ ಇಳಿದು ಸೀರೆಯ ಹಿಂದೆ ಹೋಗುತ್ತದೆ. ಹಳೆಯ ಅಂಗಿ ಹಾಕಿಕೊಳ್ಳಿ.