ಧ್ವಜದ ಮೇಲೊಂದು ರೊಟ್ಟಿ

"ಚಾಡ್ ದೇಶದ ಧ್ವಜ ಹೇಳು ಪುಟ್ಟಾ" ಎಂದ ಶರಣಪ್ಪ.

"ನೀಲಿ, ಹಳದಿ, ಕೆಂಪು."

"ರುಮೇನಿಯಾದ್ದು?" ಬಸಣ್ಣ ಒಗ್ಗರಣಿ ಪ್ಲೇಟಿನಿಂದ ತಲೆ ಎತ್ತಿ ಕೇಳಿದ.

"ನೀಲಿ, ಹಳದಿ, ಕೆಂಪು."

"ಹಂಗಾದ್ರೆ ಚಿತ್ರ ತೋರಿಸಿದರೆ ಯಾವ ದೇಶ ಅಂತೀಯಪ್ಪಾ?"

ಮಗು ಅಪ್ಪನ ಮುಖ ನೋಡಿತು. ಅಪ್ಪ ಮೊಬೈಲ್ ನೋಡಿದ.

"195 ದೇಶ ಬಾಯಿಪಾಠ ರೀ! ಮುಂದೆ ಕೆಎಎಸ್‌ಗೆ ಬರುತ್ತೆ."

"ಮೊದಲು ಹಲ್ಲು ಪೂರ್ತಿ ಬರಲಿ" ಎಂದ ಬಸಣ್ಣ. "ಈಗ ಎಲ್ಲಿ ಹೋದರೂ ಇದೇ ಗೀಳು. ಮೊನ್ನೆ ಒಂದು ಮನೆ ದಿನಕರ್ಮದ ಊಟಕ್ಕೆ ಹೋಗಿದ್ದೆ. ಹುಗ್ಗಿಗಿಂತ ಮುಂಚೆ ಪರಾಗ್ವೆ ಬಡಿಸಿದರು. ಅದರ ಧ್ವಜಕ್ಕೆ ಆ ಮಗ್ಗುಲಿಗೊಂದು ಚಿಹ್ನೆ, ಈ ಮಗ್ಗುಲಿಗೊಂದು ಚಿಹ್ನೆ ಅಂತ ಆ ಹುಡುಗಿಗೆ ಗೊತ್ತು. ಹಿರೇಹಳ್ಳ ಯಾವ ಕಡೆ ಅಂದರೆ ಅಮ್ಮನ ಸೆರಗು ಹಿಡೀತು."

"ನೈಜರ್ ಧ್ವಜ ನಮ್ಮದರ ಹಂಗೇ ಇದೆಯಂತಲ್ಲ?" ಎಂದ ಖಾದರ್, ಜಗಳ ಬಿಡಿಸಲು.

"ಮೇಲೆ ಕಿತ್ತಳೆ, ನಡುವೆ ಬಿಳಿ, ಕೆಳಗೆ ಹಸಿರು. ಚಕ್ರದ ಜಾಗದಲ್ಲಿ ಕಿತ್ತಳೆ ದುಂಡು" ಎಂದ ಬಸಣ್ಣ. "ಅದಿರಲಿ ಶರಣಪ್ಪಾ, ರೊಟ್ಟಿ ಇರೋ ಧ್ವಜ ಯಾವುದು?"

ಶರಣಪ್ಪ ಮೊಬೈಲ್ ತಿಕ್ಕಿದ. ಸಿಗಲಿಲ್ಲ.

"ನಮ್ಮದೇ ಮಾರಾಯಾ! 1948ರ ಸೆಪ್ಟೆಂಬರ್ ತನಕ ಇದೇ ಕೊಪ್ಪಳದ ಮೇಲೆ ಹಾರುತ್ತಿತ್ತು. ಹೈದರಾಬಾದ್ ನಿಜಾಮರ ಹಳದಿ ಬಾವುಟ, ನಡುವೆ ದುಂಡನೆಯ ಕುಲ್ಚಾ. ಮೊದಲ ನಿಜಾಮ ಒಬ್ಬ ಸೂಫಿ ಸಂತರ ಮುಂದೆ ಕೂತು ಏಳು ಕುಲ್ಚಾ ತಿಂದನಂತೆ. ಏಳು ತಲೆಮಾರು ಆಳ್ತೀ ಹೋಗು ಅಂದರಂತೆ."

"ಏಳೇ?" ಎಂದ ಖಾದರ್. "ಅಲ್ಲಿ ನಮ್ಮ ಶರಣಪ್ಪನ್ನ ಕೂಡಿಸಬೇಕಿತ್ತು. ಇವತ್ತಿಗೂ ಇವರ ಮನೆತನದ್ದೇ ರಾಜ್ಯ."

"ಚಟ್ನಿ ಚೆನ್ನಾಗಿದ್ದರೆ ಹೈದರಾಬಾದ್ ಜೊತೆ ದಿಲ್ಲಿನೂ."

ನಗು ಇಳಿದ ಮೇಲೆ ಬಸಣ್ಣ ಪ್ಲೇಟು ಪಕ್ಕಕ್ಕೆ ಸರಿಸಿದ. "1947ರ ಆಗಸ್ಟ್ 15ಕ್ಕೆ ಹೊಳೆ ಆಚೆ ಹೊಸಪೇಟೆಯಲ್ಲಿ ತ್ರಿವರ್ಣ ಹಾರಿತು. ಈಚೆ ನಮಗೆ ಇನ್ನೂ 13 ತಿಂಗಳು. ಗಂಡಸರು ಗಡಿ ದಾಟಿ ಮುಂಡರಗಿ, ಗಜೇಂದ್ರಗಡದಲ್ಲಿದ್ದ ನಿಜಾಮರ ವಿರುದ್ಧದ ಹೋರಾಟದ ಶಿಬಿರ ಸೇರಿದರು. ನಮ್ಮ ಅಜ್ಜಿ ತವರಿಂದ ಬರುವಾಗ ಬುಟ್ಟಿ ತಳದಲ್ಲಿ ತ್ರಿವರ್ಣ ಬಾವುಟ ಮಡಚಿ ಇಡುತ್ತಿದ್ದಳಂತೆ. ಅದರ ಮೇಲೆ ಕಟಕ್ ರೊಟ್ಟಿ, ಅದರ ಮೇಲೆ ಗುರೆಳ್ಳು ಚಟ್ನಿ. ಕರೋಡಗಿರಿ ನಾಕಾದವನು, ಅಂದರೆ ನಿಜಾಮರ ಸುಂಕದ ಕಟ್ಟೆಯವನು, ಮೇಲಿನ ಎರಡು ರೊಟ್ಟಿ ಎತ್ತಿಕೊಂಡು ಬಿಟ್ಟುಬಿಡೋನಂತೆ. ಅವನಿಗೆ ಹಸಿವು ಜಾಸ್ತಿ ಇದ್ದಿದ್ದರೆ ಅಜ್ಜಿ ಉಳೀತಿರಲಿಲ್ಲ, ನಾನೂ ಇರುತ್ತಿರಲಿಲ್ಲ."

ಯಾರೂ ಮಾತಾಡಲಿಲ್ಲ. ಶರಣಪ್ಪನೇ ಮೆಲ್ಲಗೆ ಕೇಳಿದ:

"ಅಣ್ಣಾ, ಆ ರಾಜ್ಯದ ಕರೆನ್ಸಿ ಯಾವುದಿತ್ತು?"

"ಹಾಲಿ ಸಿಕ್ಕಾ. ಯಾಕೋ?"

"ಪುಟ್ಟಾ, ಇಲ್ಲಿ ನೋಡು" ಮೊಬೈಲ್ ಮತ್ತೆ ಮೇಲೆದ್ದಿತು. "ನಂಬರ್ 196. ರಾಜಧಾನಿ ಹೈದರಾಬಾದ್. ಕರೆನ್ಸಿ ಹಾಲಿ ಸಿಕ್ಕಾ. ಧ್ವಜ?"

"ರೊಟ್ಟಿ ಬೇಕು" ಎಂದಿತು ಮಗು.