ಸಿಂಗೀತಂ ಸಿನಿಮಾ: ದೀಪಾವಳಿಗೆ ಯಾವ್ಯಾವುದು ಹಾಕೋದು

ಚಿಕ್ಕಮ್ಮ, ನಿಮ್ಮ ಮೆಸೇಜ್ ನೋಡ್ದೆ. ದೀಪಾವಳಿಗೆ ಮೂಡಿಗೆರೆ ಮನೇಲಿ ಎಲ್ಲರೂ ಸೇರಿದಾಗ ಮೂರು ರಾತ್ರಿನೂ ಸಿಂಗೀತಂ ಶ್ರೀನಿವಾಸರಾವ್ ಅವರ ಸಿನಿಮಾನೇ ಹಾಕೋಣ, ಯಾವುದು ಅಂತ ಕೇಳಿದ್ದೀರಿ. ಅದಕ್ಕೆ ಭಾವ "ಪುಷ್ಪಕ ವಿಮಾನ ಬಿಟ್ರೆ ಅವರದ್ದು ಇನ್ನೇನಿದೆ" ಅಂದಿದ್ದಾರೆ. ಭಾವ, ಸ್ವಲ್ಪ ಉದ್ದ ಆಗುತ್ತೆ, ಪೂರ್ತಿ ಕೇಳಿ.

ಮೊದಲನೇ ರಾತ್ರಿ ಪುಷ್ಪಕ ವಿಮಾನವೇ ಇರ್ಲಿ. 1987ರದ್ದು, ಎರಡು ಗಂಟೆ ಚಿಲ್ಲರೆ. ಮಾತಿಲ್ಲ ಅಂದ ಮಾತ್ರಕ್ಕೆ ಮೂಕಿ ಚಿತ್ರ ಅಂದ್ಕೋಬೇಡಿ. ಅದರಲ್ಲಿ ಶಬ್ದಕ್ಕೇ ಕೆಲಸ ಜಾಸ್ತಿ. ಹೀರೋ ಇರೋ ವಠಾರದ ಪಕ್ಕ ಟಾಕೀಸು, ಅದರ ಗಲಾಟೆ ಕೇಳ್ತಾ ಮಲಗಿ ಅಭ್ಯಾಸ. ದೊಡ್ಡ ಹೋಟೆಲಿನ ಮೆತ್ತನೆ ಹಾಸಿಗೆ ಸಿಕ್ಕಿದ್ರೂ ನಿದ್ದೆ ಹತ್ತಲ್ಲ. ಕೊನೆಗೆ ಅದೇ ಗಲಾಟೆನ ಟೇಪ್ ಮಾಡ್ಕೊಂಡು ಬಂದು, ಹಾಕ್ಕೊಂಡು ಮಲಗ್ತಾನೆ. ಟೀವಿ ಸೌಂಡ್ ಕಮ್ಮಿ ಇಟ್ಟು ಪಕ್ಕದಲ್ಲಿ ಇಸ್ಪೀಟ್ ಹಾಕ್ಕೊಂಡು ಕೂತ್ರೆ ಇದೆಲ್ಲ ತಪ್ಪಿಹೋಗುತ್ತೆ. ಹಾಗೇ ಬಾಡಿಗೆ ಕೊಲೆಗಾರ ಆಗಿರೋ ಟಿನ್ನು ಆನಂದ್ ಹಿಡ್ಕೊಂಡು ಬರೋ ಐಸಿನ ಚೂರಿ. ಚುಚ್ಚಿದ್ಮೇಲೆ ಕರಗಿ ಸಾಕ್ಷಿನೇ ಉಳೀಬಾರ್ದು ಅನ್ನೋ ಲೆಕ್ಕ. ಆದ್ರೆ ಐಸು ಚುಚ್ಚೋಕೆ ಮೊದ್ಲೂ ಕರಗುತ್ತಲ್ಲ! ಒಂದು ಗಿಫ್ಟ್ ಪಾರ್ಸೆಲ್ ತಮಾಷೆ ಇದೆ, ಮಕ್ಕಳು ಬಿದ್ದುಬಿದ್ದು ನಗ್ತಾರೆ, ಅಜ್ಜಿ ಮುಖ ಸಿಂಡರಿಸ್ತಾರೆ, ಇರ್ಲಿ ಬಿಡಿ.

ಪೇಸುಂ ಪಡಂ, ಪುಷ್ಪಕ್ ಅಂತ ಬೇರೆ ಹೆಸರಲ್ಲಿ ಸಿಕ್ಕಿದ್ರೂ ಅದೇ ಸಿನಿಮಾ, ಭಾಷೆ ಹುಡುಕೋ ಗೋಜಿಲ್ಲ. ಪ್ರಿಂಟ್ ಮಾತ್ರ ನೋಡಿ ಆರಿಸಿ. ಟೀವಿ ತುಂಬ್ಲಿ ಅಂತ ಮೇಲೆ ಕೆಳಗೆ ಕತ್ತರಿಸಿರೋದು ಬೇಡ. ಕತೆ ಹೇಳೋದೇ ಕೈ, ಕಣ್ಣು, ಮೇಜಿನ ಮೇಲಿರೋ ಸಾಮಾನು. ಅದೇ ಚೌಕಟ್ಟಿಂದ ಆಚೆ ಹೋದ್ರೆ ಏನೂ ಅರ್ಥ ಆಗಲ್ಲ.

ಎರಡನೇ ರಾತ್ರಿ ಹಾಲು ಜೇನು, 1982. ಅಣ್ಣಾವ್ರ ಸಿನಿಮಾ ಅಂತ ಎಲ್ಲರಿಗೂ ನೆನಪಿದೆ, ಡೈರೆಕ್ಟರ್ ಹೆಸರು ಮಾತ್ರ ಯಾರ ಬಾಯಲ್ಲೂ ಬರಲ್ಲ. ಹೆಂಡತಿಗೆ ಕ್ಯಾನ್ಸರ್, ಗಂಡ ಸುಳ್ಳು, ತಟವಟ ಮಾಡಿ ದುಡ್ಡು ಹೊಂಚ್ತಾನೆ. ಆ ತಟವಟ ನೋಡಿ ನಗ್ತಾ ಇರ್ತೀವಿ, ಅದರ ಹಿಂದಿನ ಕಾರಣ ನೆನಪಾದ ಕೂಡ್ಲೇ ಗಂಟಲು ಕಟ್ಟುತ್ತೆ. ಊಟ ಮುಗಿಸಿ ಹತ್ತು ಗಂಟೆಗೆ ಹಾಕ್ಬೇಡಿ, ಸಂಜೆ ಆರಕ್ಕೇ ಶುರು ಮಾಡಿ. ಅತ್ತು ಮಲಗೋದು ಅಜ್ಜಿಗೆ ಒಳ್ಳೇದಲ್ಲ. ಅಷ್ಟು ಭಾರ ಬೇಡ ಅಂದ್ರೆ ಅದೇ ವರ್ಷದ ಚಲಿಸುವ ಮೋಡಗಳು ಹಾಕಿ, ಪುಟ್ಟ ಅಪ್ಪು ಇದ್ದಾನೆ.

ಮೂರನೇದಕ್ಕೆ ನನ್ನ ಓಟು 1989ರ ತಮಿಳಿನ ಅಪೂರ್ವ ಸಹೋದರರ್ಗಳ್‌ಗೆ. ಕಮಲ್ ಹಾಸನ್ ಕುಳ್ಳ ಆಗಿದ್ದು ಕಂಪ್ಯೂಟರ್‌ನಲ್ಲಲ್ಲ. ಎದುರಿಂದ ತೋರಿಸ್ಬೇಕಾದ್ರೆ ಕಾಲು ಹಿಂದಕ್ಕೆ ಮಡಿಸಿ ಮಂಡಿಗೆ ಶೂ ಕಟ್ಟಿದ್ರು. ಪಕ್ಕದಿಂದ ತೆಗೆದ್ರೆ ಮಡಿಸಿದ ಕಾಲು ಕಾಣುತ್ತಲ್ಲ, ಅದಕ್ಕೆ ಮಂಡಿಯುದ್ದದ ಗುಂಡಿ ತೋಡಿ ಅದರೊಳಗೆ ನಿಲ್ಲಿಸಿದ್ರು. ಮೇಲಿಂದ ತೆಗೆದ್ರೆ ಗುಂಡಿ ಬಯಲಾಗುತ್ತೆ. ಹಾಗಾಗಿ ಪ್ರತಿ ಶಾಟ್‌ನಲ್ಲೂ ಕ್ಯಾಮೆರಾ ಎಲ್ಲಿಟ್ಟಿದ್ದಾರೆ ಅಂತ ಮಕ್ಕಳಿಗೆ ಗಮನಿಸೋಕೆ ಹೇಳಿ. ಅದರ ಬದಲು ಮೈಕೆಲ್ ಮದನ ಕಾಮರಾಜನ್ ಹಾಕೋಣ ಅಂತ ಯಾರಾದ್ರೂ ಅಂದ್ರೆ ಬೇಡ ಅನ್ನಿ. ಕೆಟ್ಟ ಸಿನಿಮಾ ಅಂತಲ್ಲ, ಅರ್ಧ ನಗು ಮಲಯಾಳಂ ಬೆರೆತ ಪಾಲಕ್ಕಾಡ್ ತಮಿಳಲ್ಲಿದೆ, ಸಬ್‌ಟೈಟಲ್ ಓದೋಷ್ಟರಲ್ಲಿ ಮುಂದಿನ ಜೋಕ್ ಬಂದಿರುತ್ತೆ. ಹುಡುಗರು ಹಟ ಮಾಡಿದ್ರೆ ತೆಲುಗಿನ ಆದಿತ್ಯ 369 ಹಾಕಿ, ಟೈಮ್ ಮೆಷಿನ್‌ನಲ್ಲಿ ಕೃಷ್ಣದೇವರಾಯನ ಕಾಲಕ್ಕೂ ಹೋಗ್ತಾರೆ, 2504ಕ್ಕೂ ಹೋಗ್ತಾರೆ.

ಇನ್ನು ಭಾವನ ಪ್ರಶ್ನೆ. ಈ ಮನುಷ್ಯ ಒಂದೇ ಥರದ ಸಿನಿಮಾಕ್ಕೆ ಅಂಟ್ಕೊಂಡವರಲ್ಲ. ಪ್ರತಿ ಸಲ ತಾನೇ ಒಂದು ಕಷ್ಟ ತಲೆ ಮೇಲೆ ಹಾಕ್ಕೊಂಡು ಶುರು ಮಾಡೋದು: ಒಂದರಲ್ಲಿ ಮಾತೇ ಇಲ್ಲ, ಇನ್ನೊಂದರಲ್ಲಿ ಹೀರೋ ಕುಳ್ಳ. 1985ರ ಮಯೂರಿಯಲ್ಲಿ ಕಾಲು ಕಳ್ಕೊಂಡು ಜೈಪುರ್ ಕಾಲು ಅನ್ನೋ ಕೃತಕ ಕಾಲಲ್ಲಿ ಕುಣಿದ ಸುಧಾ ಚಂದ್ರನ್ ಅವರ ಕತೆಯನ್ನ ಅವರ ಕೈಲೇ ಮಾಡಿಸಿದ್ರು. ಭಾಗ್ಯದ ಲಕ್ಷ್ಮಿ ಬಾರಮ್ಮ ಸಿನಿಮಾಕ್ಕೆ ಸಂಗೀತವೂ ಅವರದ್ದೇ. ಪಟ್ಟಾಭಿರಾಮ ರೆಡ್ಡಿ ಅವರು 1970ರಲ್ಲಿ ತೆಗೆದ ಸಂಸ್ಕಾರಕ್ಕೂ ಇವರು ಕೆಲಸ ಮಾಡಿದ್ದಾರೆ, ಅದರ ಶೂಟಿಂಗ್ ನಡೆದಿದ್ದು ನಮ್ಮ ಶೃಂಗೇರಿ ಹತ್ತಿರದ ವೈಕುಂಠಪುರದಲ್ಲಿ. ನಮ್ಮೂರಿಗೂ ನಂಟಿದೆ ಭಾವ.

ಮೂಡಿಗೆರೆ ನೆಟ್ ನಂಬ್ಬೇಡಿ, ಆ್ಯಪ್‌ನಲ್ಲಿ ಮೊದ್ಲೇ ಡೌನ್‌ಲೋಡ್ ಮಾಡಿಟ್ಕೊಳ್ಳಿ. ಟೀವಿಗೆ ಸ್ಪೀಕರ್ ಜೋಡ್ಸೋ ವೈರು ಭಾವನೇ ತರ್ಲಿ.